ನಕ್ಷೆಯಲ್ಲಿ ಇಲ್ಲದ ಬದ

ಗೊರೂರಿನ ಹಿನ್ನೀರಿಗೆ ಕೊಳವೆ ಇಳಿಸಿದ ದಿನ
ದಡದಲ್ಲಿ ವಾಲ್ವು ನನ್ನ ಕೈಯಲ್ಲಿತ್ತು:
ಕಾಲು ಸುತ್ತು, ತಡೆದು, ಮತ್ತೆ ಕಾಲು ಸುತ್ತು.
ಈಚೆ ತುದಿ ಮುಳುಗಿ, ಆಚೆ ತುದಿ ತೇಲಿ,
ನಡುವೆ ಆ ಬಾಗು.
ಆತುರಪಟ್ಟರೆ ಸೊಂಟ ಮುರಿಯುತ್ತದೆ.

ತುಂಬಿದ ಕೊಡ ತುಳುಕದು ಎಂದರು ಹಿರಿಯರು.
ಖಾಲಿ ಕೊಳವೆಯ ವಿಷಯ ಅವರು ಹೇಳಲಿಲ್ಲ.
ಏಪ್ರಿಲಿನಲ್ಲಿ ಕರೆಂಟು ಹೋಗಿ ಗಾಳಿ ಒಳಹೊಕ್ಕು
ಇನ್ನೂರು ಅಡಿ ಕರಿ ಬೆನ್ನು
ಕಾಂಕ್ರೀಟಿನ ಕೊರಳಪಟ್ಟಿ ಸಮೇತ ಮೇಲೆದ್ದಿತು.
ಮೊಸಳೆ ಎಂದು ತೆಪ್ಪದವರು ದಡ ಹತ್ತಿದರು.
ಹಾಸನದ ನಲ್ಲಿಗಳು ಮೂರು ದಿನ ಕೆಮ್ಮಿದವು.

ಗಾಳಿ ಬಿಡಿಸಿ ಮತ್ತೆ ಮಲಗಿಸಿದೆವು.
ಮುಳುಗಿ ನೋಡಿ ಬಂದ ಸಿಂಗ್ರಯ್ಯ
ಮೂಗಿನ ನೀರು ಸೀದಿ ಹೇಳಿದ:
"ಒಂದ್ಕಡೆ ನೆಲಕ್ಕೇ ತಾಗಿಲ್ಲ ಮೇಡಂ.
ಎರಡು ಬದದ ಮೇಲೆ ಕೂತದೆ, ನಡುವೆ ನೇತಾಡ್ತದೆ.
ಪಂಪು ಹಾಕಿದ್ರೆ ಗುಂಯ್ ಅಂತದೆ."

ನಕ್ಷೆಯಲ್ಲಿ ಬದ ಇರಲಿಲ್ಲ.
ಬರೀ ನೀಲಿ, ಕೆಳಗೆ ಸರ್ವೆಯವನ ಸಹಿ.

"ತೆಂಕಲದ್ದು ನಮ್ಮದು, ಬಡಗಲದ್ದು ದಾಯಾದಿಗಳದ್ದು.
ನಡುವಿನ ಎರಡು ಗುಂಟೆಗೆ
ನಮ್ಮಪ್ಪ ಕೋರ್ಟು ಹತ್ತಿದ್ರು.
ತೀರ್ಪು ಬರೋಕ್ ಮುಂಚೆ ನೀರು ಬಂತು."

ಹನ್ನೊಂದು ಸಲ ಮುಳುಗಿದ.
ಆ ಎರಡು ಗುಂಟೆಯಲ್ಲಿ
ಕೊಳವೆಯ ಹೊಟ್ಟೆಗೆ ತಾಗುವವರೆಗೆ
ಮರಳಿನ ಚೀಲ ಪೇರಿಸಿದ.
ಗುಂಯ್ ನಿಂತಿತು.

ಒದ್ದೆ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದ:
"ಈಗ ಪಹಣೀಲಿ
ಅನುಭವದ ಕಾಲಂಗೆ ಯಾರ ಹೆಸ್ರು ಬರೀತಾರೆ?"
ನಾನು ಲಾಗ್ ಪುಸ್ತಕದಲ್ಲಿ ಒತ್ತಡ ಬರೆಯುತ್ತಿದ್ದೆ.
ನಾಲ್ಕೂವರೆ. ಅಲುಗಾಟ ಇಲ್ಲ.