ನೇರಳೆ ಬೆರಳು

ಅಕ್ಟೋಬರಿನಲ್ಲಿ ತೆಲಾವಿಯ ಎಲ್ಲರ ಬೆರಳೂ ನೇರಳೆ,
ರೊಟ್ಟಿ ಸುಡುವವಳದ್ದು, ಬಸ್ಸಿನವನದ್ದು, ಪಾದ್ರಿಯದ್ದೂ.
ನನ್ನದೂ ನೇರಳೆಯೇ.
ಆದರೆ ನಾನು ಒಂದು ಗೊಂಚಲೂ ಕಿತ್ತವಳಲ್ಲ,
ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಗಾಜಿನ ಮೇಲೆ ಬಣ್ಣ ಸುರಿಯುವವಳು.
ನಮ್ಮ ಕಪ್ಪು ದ್ರಾಕ್ಷಿಯ ಹೆಸರು ಸಪೆರಾವಿ.
ಹಾಗೆಂದರೆ ಬಣ್ಣ ಎಂದೇ ಅರ್ಥ.

ಅಮಿರಾನನನ್ನು ತಂದಾಗ ರಾತ್ರಿ ಹನ್ನೊಂದು.
ಟ್ರಾಕ್ಟರಿನ ಹಿಂದೆ, ಖಾಲಿ ಬುಟ್ಟಿಗಳ ನಡುವೆ,
ಬಲಗಾಲು ತುಸು ಮಡಚಿ ಮಲಗಿದ್ದ;
ಇನ್ನಷ್ಟು ಮಡಚಲೂ ಒಲ್ಲ, ಚಾಚಲೂ ಒಲ್ಲ.
ಹೊದಿಕೆಯ ಅಂಚು ತಾಗಿದರೆ ಹಲ್ಲು ಕಚ್ಚುತ್ತಿದ್ದ.
"ಹಳೇ ನೆಂಟ, ಗೌಟು. ವರ್ಷಕ್ಕೊಮ್ಮೆ ಬಂದು ಹೋಗುತ್ತಾನೆ.
ಮಾತ್ರೆ ಕೊಡಿ, ನಾಳೆ ಜಾಡಿ ತೊಳೆಯಬೇಕು."

ಎತೇರಿ ಡಾಕ್ಟರು ಕೈಯ ಹಿಂಬದಿಯನ್ನು ಆ ಮಂಡಿಗೆ ಇಟ್ಟಳು,
ಆಮೇಲೆ ಈ ಮಂಡಿಗೆ.
ಒಂದು ಒಲೆ, ಇನ್ನೊಂದು ಕಲ್ಲು.
"ನಿನ್ನ ನೆಂಟ ಹೆಬ್ಬೆರಳಿಗಲ್ಲವೇ ಬರುತ್ತಿದ್ದದ್ದು?
ಹೀಗೆ ಚಳಿ ಹಿಡಿಸಿ ನಡುಗಿಸುತ್ತಿದ್ದನೇ?"
ಅವನು ಸುಮ್ಮನಾದ.
ಅಂಗೈಯಲ್ಲಿ ಕತ್ತರಿ ಕಚ್ಚಿದ ಗಾಯ,
ಎಂಟು ದಿನದ್ದು, ಬಟ್ಟೆ ಸುತ್ತಿ ಮರೆತದ್ದು.

ಕೀಲಿನ ನೀರು ತಿಳಿಯಾಗಿರಬೇಕು,
ಎಳೆದರೆ ನೂಲಾಗಬೇಕು,
ಹಿಂದೆ ಹಿಡಿದ ಅಕ್ಷರ ಓದಲು ಬರಬೇಕು.
ಸಿರಿಂಜಿನಲ್ಲಿ ನನಗೆ ಬಂದದ್ದು ಮಡ್ಡಿ.
ಅದರಾಚೆ ನನ್ನ ಬೆರಳೇ ಕಾಣಲಿಲ್ಲ.

ಮೊದಲ ಸ್ಲೈಡಿನಲ್ಲಿ ಸೂಜಿಗಳಿದ್ದವು,
ಹಳದಿ, ಚೂಪು.
ನೆಂಟ ಸುಳ್ಳಲ್ಲ, ಬಂದೇ ಇದ್ದ.
ಅಲ್ಲಿಗೇ ನಿಲ್ಲಿಸಿ ಫೋನು ಮಾಡಬಹುದಿತ್ತು.
ಒಮ್ಮೆ ಮಾಡಿದ್ದೆ, ಹತ್ತು ವರ್ಷದ ಹಿಂದೆ,
ಒಬ್ಬ ಹೆಂಗಸಿನ ಸೊಂಟದ ಕೀಲು.
ಈಗ ಮಾರ್ಕೆಟ್ಟಿನಲ್ಲಿ ಅಕ್ರೋಟು ಮಾರುತ್ತಾಳೆ,
ಪಕ್ಕದಲ್ಲಿ ಊರುಗೋಲು.
ನಾನು ಬೇರೆ ಸಾಲಿನಿಂದ ಹೋಗುತ್ತೇನೆ.

ಎರಡನೆಯ ಸ್ಲೈಡು.
ನೇರಳೆ ಸುರಿದೆ, ಅಯೋಡಿನ್ ಸುರಿದೆ, ಸ್ಪಿರಿಟ್ಟಿನಿಂದ ತೊಳೆದೆ.
ತೊಳೆದರೂ ಬಿಡಲಿಲ್ಲ ಬಣ್ಣ.
ಸತ್ತ ಬಿಳಿಕಣಗಳ ರಾಶಿಯ ನಡುವೆ
ಗೊಂಚಲು, ಗೊಂಚಲು, ಗೊಂಚಲು.
ಒಬ್ಬ ನೆಂಟನ ಬೆನ್ನಿಗೇ ನುಸುಳಿ
ಕಳ್ಳನೂ ಒಳಗೆ ಕೂತಿದ್ದ.
"ಎತೇರಿ, ದ್ರಾಕ್ಷಿ ಸಿಕ್ಕಿತು," ಅಂದೆ.
ಅವಳು ಏನನ್ನೂ ಕೇಳಲಿಲ್ಲ. ಫೋನು ಇಟ್ಟಳು.

ರಕ್ತದ ಸೀಸೆಗಳು ಆಗಲೇ ಕೆಳಗೆ ಬಂದಿದ್ದವು,
ಔಷಧ ನರದೊಳಗೆ ಇಳಿಯುತ್ತಿತ್ತು,
ಆಪರೇಷನ್ನಿಗೆ ಮಾತ್ರ ಅವನು ಒಪ್ಪ. ಜಾಡಿ ಮುಗಿಯಲಿ, ಭಾನುವಾರ ಬರುತ್ತೇನೆ.
ಬಣ್ಣದ ಕೈಯಲ್ಲೇ ಮೇಲೆ ಹೋದೆ.
"ಮಣ್ಣಲ್ಲಿ ಹೂತ ಜಾಡಿ ಹುಳಿತರೆ ಏನು ಮಾಡುತ್ತೀ?"
"ಒಳಗಿಳಿದು ತೊಳೆಯುತ್ತೇನೆ. ಚೆರ್ರಿ ತೊಗಟೆಯಲ್ಲಿ ಉಜ್ಜಿ."
"ಎಲ್ಲಿಯವರೆಗೆ?"
"ತೊಳೆದ ನೀರು ಕುಡಿಯುವ ಹಾಗಾಗುವವರೆಗೆ."
"ಭಾನುವಾರದವರೆಗೆ ಬಿಟ್ಟರೆ?"
"ಹುಚ್ಚೇ ನಿನಗೆ? ಗೋಡೆ ಹೀರುತ್ತದೆ.
ಒಮ್ಮೆ ಹೀರಿತೆಂದರೆ ಜಾಡಿ ಹೋಯಿತು."
ಹೇಳಿ ಮುಗಿಸಿದವನು
ತನ್ನ ಮಂಡಿಯನ್ನು ನೋಡಿದ.

ಬಕೆಟ್ಟುಗಟ್ಟಲೆ ಉಪ್ಪುನೀರು ಹರಿಸಿದರು ಆ ರಾತ್ರಿ.
ಎರಡು ದಿನ ಬಿಟ್ಟು ಮತ್ತೊಮ್ಮೆ.
ವಾರಗಟ್ಟಲೆ ಔಷಧ.
ಈಗ ಕಾಲು ಕುರ್ಚಿಯಷ್ಟು ಮಡಚುತ್ತದೆ, ಅದರಾಚೆಗಿಲ್ಲ.
ಜಾಡಿಗೆ ಇಳಿಯುವವಳು ತಂಗಿಯ ಮಗಳು ನಾನುಲಿ;
ಇವನು ಬಾಯಿಯ ಬಳಿ ಕಾಲು ಚಾಚಿ ಕೂತು
ಟಾರ್ಚು ಹಿಡಿದು ಬೈಯುತ್ತಾನಂತೆ,
ಎಡಕ್ಕೆ, ಇನ್ನೂ ಎಡಕ್ಕೆ.

ಮೊನ್ನೆ ಅಕ್ರೋಟಿನ ಸಾಲಿನಲ್ಲೇ ಹೋದೆ.
ಅವಳು ನನ್ನ ಬೆರಳು ನೋಡಿ ಕೇಳಿದಳು,
"ಕೊಯ್ಲಿಗೆ ಹೋಗಿದ್ದೆಯಾ?"
ಹೂಂ ಅಂದೆ.
ಒಂದು ಕಿಲೊ ಕೇಳಿದೆ.
ಏಳಲು ಊರುಗೋಲು ತಡಕಿದಳು.
ನಾನೇ ತೂಗಿಕೊಂಡೆ.