ಐವತ್ತು ಸೈಕಲ್ಲು

ಗೆಸ್ಟ್ ಹೌಸಿನ ಅಡುಗೆಯ ಚೌಡಪ್ಪ
ಹಪ್ಪಳದ ಚಾಪೆಯ ಮೇಲೆ ಕಾಗೆ ಬೆದರಿಸಲು
ದಾರಕ್ಕೆ ಕಟ್ಟಿ ತೂಗಿಬಿಟ್ಟಿದ್ದ ಸಿ.ಡಿ.
ಯಾವನೋ ವಿದೇಶಿ ಇಂಜಿನಿಯರು ಮರೆತು ಹೋದದ್ದು.
‘ನಿಮಗೆ ಬೇಕಾ ಮೇಡಂ?
ಕಾಗೆಗಳಿಗೆ ಅಭ್ಯಾಸ ಆಗೋಯ್ತು’ ಅಂದ.

ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿ
ಮೂರು ಗೀರುಗಳ ಮೇಲೆ ಹಾರಿ ಹಾರಿ ಅದು ಹಾಡಿತು.
ನಾರ್ವೆಯ ಇಬ್ಬರು. ಅವಳ ದನಿ, ಅವನ ಪೆಟ್ಟಿಗೆಗಳು.
ಮನುಷ್ಯರ ಬೆರಳು ತಾಗಿದ್ದೇ ಅನುಮಾನ ಅನ್ನುವಷ್ಟು
ಚೊಕ್ಕ ತಾಳ. ತಾಳದ ಅಡಿಗೆ
ಒಂದೇ ಸಮ ಒಂದು ಗುಂಯ್.

ಅದು ನನಗೆ ಗೊತ್ತಿದ್ದ ಗುಂಯ್.
ದಿನಕ್ಕೆ ಎಂಟು ತಾಸು ಅದರ ಹೊಟ್ಟೆಯೊಳಗೆ ಕೂತೇ
ಲಾಗ್ ಶೀಟು ತುಂಬಿಸುವವಳು ನಾನು:
ಟರ್ಬೈನು ತಿರುಗಿ, ಐವತ್ತು ಸೈಕಲ್ಲು,
ಯಾವ ಶ್ರುತಿಪೆಟ್ಟಿಗೆಯ ಮನೆಗೂ ಸರಿಯಾಗಿ ಕೂರದ ಸ್ವರ.
ಅವರ ನಾಡಲ್ಲೂ ನೀರು ಬಿದ್ದೇ ದೀಪ ಹತ್ತುವುದಂತೆ,
ಅಲ್ಲೂ ಐವತ್ತೇ ಅಂತೆ.
ಸರಿ, ನೆಂಟರಾಯಿತು ಅಂದುಕೊಂಡೆ.

ಎರಡನೆಯದು ಬರೀ ಕುಣಿತ.
ಶಿವಮೊಗ್ಗದ ಸೈಬರಿನಲ್ಲಿ ಇಳಿಸಿಕೊಂಡದ್ದು,
ಹಾಡಿಗೆ ಅರ್ಧ ಗಂಟೆ, ಗಂಟೆಗೆ ಇಪ್ಪತ್ತು ರೂಪಾಯಿ.
ಆ ವರ್ಷ ನನ್ನ ಸ್ಕೂಟಿ
ತಾಳಗುಪ್ಪದ ತಿರುವುಗಳನ್ನೆಲ್ಲ ಅದರ ಲಯಕ್ಕೇ ತಿರುಗಿತು.

ಮೂರನೆಯದಕ್ಕೆ ಪಿಟೀಲುಗಳು ಬಂದವು.
ಯಂತ್ರ, ಮದುವೆಮನೆಯಲ್ಲಿ ದೂರದ ಚಿಕ್ಕಪ್ಪನಂತೆ
ಗೋಡೆಗೆ ಒರಗಿ ನಿಂತಿತು.
ನಾಲ್ಕನೆಯದರಲ್ಲಿ ಅದೂ ಇಲ್ಲ.
ಮರದ ಪಿಯಾನೋ ಒಂದು, ಅವಳು ಒಬ್ಬಳು,
ಇಂಗ್ಲಿಷು ಬಿಟ್ಟು ತಮ್ಮೂರಿನ ಮಾತಲ್ಲಿ.
ಅರ್ಥವಾಗಲಿಲ್ಲ.
ಇಂಗ್ಲಿಷಿನದೂ ಅಷ್ಟೇನೂ ಆಗಿರಲಿಲ್ಲ ಬಿಡಿ.
ಆದರೆ ಗುಂಯ್ ಎಲ್ಲಿ?

ಸಿಟ್ಟು ಬಂತು. ನನ್ನ ಕಸುಬೇ ಹಾಗೆ.
ಫೋರ್‌ಮನ್ ಇನಾಸ್ ಮೊದಲ ವಾರವೇ ಕಲಿಸಿದ್ದರು:
ಸ್ಕ್ರೂಡ್ರೈವರಿನ ತುದಿ ಬೇರಿಂಗಿನ ಮೈಗೆ,
ಹಿಡಿ ಕಿವಿಯ ಹಿಂದಿನ ಮೂಳೆಗೆ.
‘ನಿನ್ನೆ ಹಾಗೇ ಕೇಳಿದ್ರೆ ಚಾ ಕುಡಿ.
ಬೇರೆ ಕೇಳಿದ್ರೆ ಬರಿ.’
ಸದ್ದು ಬದಲಾಯಿತೆಂದರೆ ಎಲ್ಲೋ ಏನೋ ಸವೆಯುತ್ತಿದೆ.
ಬರೆದೆ. ಲಾಗ್ ಬುಕ್ಕಿನ ಹಿಂದಿನ ರಟ್ಟಿನ ಒಳಗೆ, ಪೆನ್ಸಿಲಲ್ಲಿ:
ನಾರ್ವೆ, ಯೂನಿಟ್ ನಾಲ್ಕು. ಅಸಹಜ ಶಬ್ದ. ಪರಿಶೀಲಿಸಿ.

ಜನವರಿ. ಬೆಳಗಿನ ಜಾವ ಮೂರು ಹದಿನೇಳು.
ಎಲ್ಲೋ ಲೈನು ಬಿತ್ತು;
ಒಂದರ ಹಿಂದೊಂದು ನಮ್ಮ ಮಿಷನ್ನುಗಳು ಕೈಬಿಟ್ಟವು.
ಬ್ಯಾಟರಿ ದೀಪಗಳ ಹಳದಿಯಲ್ಲಿ
ಆ ಸ್ವರ ಇಳಿಯುತ್ತ, ಇಳಿಯುತ್ತ,
ಮಂದ್ರದ ತಳ ಕೆರೆದು, ಗೊರಕೆಯಾಗಿ,
ಬ್ರೇಕು ಕಚ್ಚಿ
ನಿಂತಿತು.

ಹನ್ನೊಂದು ವರ್ಷದಲ್ಲಿ ಆ ಹಾಲು
ಸುಮ್ಮನಿದ್ದದ್ದನ್ನು ನಾನು ಕೇಳಿರಲಿಲ್ಲ.
ಎಲ್ಲೋ ವಾಲ್ವಿನಿಂದ ತೊಟ್ಟಿಕ್ಕುವ ನೀರು.
ಮೆಟ್ಟಿಲ ಮೇಲೆ ಇನಾಸರ ಬೂಟು.
ಮತ್ತೆ ನಿಯಮ ಮೀರಿ ಒಂದೇ ಕಿವಿಗೆ ಸಿಕ್ಕಿಸಿಕೊಂಡಿದ್ದ
ಆ ನಾಲ್ಕನೆಯದು, ಅರ್ಧಕ್ಕೆ ಬಂದಿತ್ತು:

ಕುರ್ಚಿಯ ಕಿರುಗು.
ಪೆಡಲು ಬಿಟ್ಟಾಗ ಮರದ ನಿಟ್ಟುಸಿರು.
ಹಾಡುವ ಮುಂಚೆ ಅವಳು ಉಗುಳು ನುಂಗಿದ್ದು.
ಇದೆಲ್ಲ ಮೊದಲಿಂದಲೂ ಇದರಲ್ಲೇ ಇತ್ತಾ?
ಅದರ ಹಿಂದೆ, ಅವರ ಗೋಡೆಯ ಆಚೆ,
ಯಾರೋ ಆರಿಸಲು ಮರೆತ ಫ್ರಿಜ್ಜು ಇರಬೇಕು,
ಸಣ್ಣಗೆ,
ಐವತ್ತಕ್ಕೆ.

ಫೋನು ಬಡಿದುಕೊಂಡಿತು. ಲೋಡ್ ಡಿಸ್ಪ್ಯಾಚಿನ ಹುಡುಗ,
ಬೆಂಗಳೂರಲ್ಲಿ ಬೆವರುತ್ತಿದ್ದ:
‘ಮೇಡಂ, ಮತ್ತೆ ಸಿಂಕ್ರೊನೈಜ್ ಮಾಡೋಕೆ ಎಷ್ಟು ಹೊತ್ತು?’

‘ಹತ್ತು ನಿಮಿಷ’ ಅಂದೆ.
ಏಳು ಸಾಕಿತ್ತು.