ತೊಂಬತ್ತೇಳರಿಂದ ನೂರನಾಲ್ಕು

ಡೂಂಲೈಟ್ ಸರ್ಕಲ್ಲಿನಾಚೆಯ ಟಾಕೀಸಿನಲ್ಲಿ
ಸೆಕೆಂಡ್ ಶೋಗೆ ಹದಿಮೂರು ಜನ.
ಎಣಿಸಿದ್ದು ಮುನಿಲಕ್ಷ್ಮಕ್ಕ;
ಮಂಡಿಯಲ್ಲಿ ಟೊಮೆಟೊ ಕ್ರೇಟು ಎಣಿಸೀ ಎಣಿಸೀ
ಅವಳ ಕಣ್ಣು ಎಲ್ಲಿ ಕೂತರೂ ಲೆಕ್ಕಕ್ಕೇ ಕೂರುತ್ತದೆ.

"ಇದು ಗೊಂಬೆ ಸಿನಿಮಾ," ಎಂದ ಟಿಕೆಟ್ಟಿನವನು,
ನನ್ನ ನರೆತ ಮೀಸೆ ನೋಡಿ, ಅಕ್ಕನ ಸ್ವೆಟರು ನೋಡಿ,
"ಮಕ್ಕಳೆಲ್ಲಿ?"
ನಾವೇ, ಎಂದೆ.

ಆ ಕಪ್ಪು ಪುಸ್ತಕ ನಮಗೆ ಸಿಕ್ಕಿದ್ದು
ಅಮೀರ್ ಜಾನ್ ಗುಜರಿಯಲ್ಲಿ, ಕೇಜಿ ಲೆಕ್ಕದಲ್ಲಿ,
ಹಳೇ ಟೆಲಿಫೋನ್ ಡೈರೆಕ್ಟರಿಯ ಜೊತೆ ತೂಗಿ.
ಇಂಗ್ಲಿಷು ಇಬ್ಬರಿಗೂ ಬಾರದು.
ಹೆಸರು ಓದಲಾಗದ ಆ ವೀರನಿಗೆ
ನಾವೇ ಇಟ್ಟ ಹೆಸರು ನೆರಳಪ್ಪ.
ಮುಖದ ಅರ್ಧ ಸದಾ ಕತ್ತಲು,
ಹಗಲೇ ಆಗದ ಒಂದು ಊರು,
ಚರಂಡಿಯಿಂದ ಚರಂಡಿಗೆ ನಡೆಯುವ ಸೀಸದ ಕೋಟು,
ಅವನ ಕಿರುಬೆರಳು ಹಿಡಿದು ಒಬ್ಬ ಪೋರ.
ಪೋರ ನಾನು. ಅದರಲ್ಲಿ ಚರ್ಚೆಯೇ ಇರಲಿಲ್ಲ.

ಕಪ್ಪನ್ನು ನಾನು ಕಲಿತದ್ದು ಅಲ್ಲಿ.
ಇವತ್ತಿಗೂ ಟೇಕಲ್ ರಸ್ತೆಯಲ್ಲಿ
ಟೆಂಪೋ ಹಿಂದೆ ಅಕ್ಷರ ಬರೆಯುವಾಗ
ಮುನೇಶ್ವರ ಕೃಪೆಯ ಒಂದೊಂದು ಒತ್ತಿಗೂ
ನೆರಳು ಬಿಡುತ್ತೇನೆ, ಎಡಕ್ಕೆ, ಕೊಂಚ ಜಾಸ್ತಿಯೇ.
ಡ್ರೈವರುಗಳು ಬೈಯುತ್ತಾರೆ,
"ದೇವರ ಹೆಸರು ಹೆದರಿಸ್ತದಲ್ಲೋ ಮಾರಾಯ!"

ಪುಸ್ತಕದಲ್ಲಿ ತೊಂಬತ್ತಾರಾದ ಮೇಲೆ ನೂರೈದು.
ನಡುವಿನ ನಾಲ್ಕು ಹಾಳೆ ಇಲ್ಲ; ಹೊಲಿಗೆಯ ಬಳಿ
ಇಲಿ ಹಲ್ಲಿನಂಥ ಅಂಚು.
ತೊಂಬತ್ತಾರರಲ್ಲಿ ಒಂದು ಗೋಪುರದ ತುದಿ,
ಪೋರ ತೂಗಾಡುತ್ತಾನೆ, ನೆರಳಪ್ಪ ಕೈ ಹಿಡಿದಿದ್ದಾನೆ.
ನೂರೈದರಲ್ಲಿ ಮಳೆ. ನೆರಳಪ್ಪ ಒಬ್ಬನೇ.
"ಪೋರ ಎಲ್ಲಿ?" ಎಂದರೆ ಅಕ್ಕ
"ಊಟಕ್ಕೆ ಹೋಗಿದಾನೆ" ಅನ್ನುತ್ತಿದ್ದಳು.
ಮೂವತ್ತೆರಡು ವರ್ಷ ಆ ಊಟವನ್ನು ನಂಬಿದ್ದೆ.
ಒಮ್ಮೆ ಮುದ್ದೆ, ಹುರುಳಿ ಬಸ್ಸಾರು;
ಒಮ್ಮೆ, ಯಾರದೋ ಮದುವೆಯಲ್ಲಿ, ಎರಡು ಹೋಳಿಗೆ.

ಈಗ ಪರದೆಯ ಮೇಲೆ ನೆರಳಪ್ಪ ತೆಲುಗು ಮಾತಾಡುತ್ತಾನೆ,
ಪಲಮನೇರಿನ ಲಾರಿ ಏಜೆಂಟನ ಹಾಗೆ.
ಕಪ್ಪು ಕಪ್ಪಾಗಿ ಉಳಿದಿಲ್ಲ, ಮಸಿ ಹೋಗಿ ನೀಲಿ ಬಂದಿದೆ.
ಪುಸ್ತಕದ ಚೌಕ ಚೌಕಗಳ ನಡುವೆ ಬಿಳಿ ಸಂದುಗಳಿದ್ದವು,
ಬೆರಳಿಟ್ಟು ನಿಲ್ಲುವಷ್ಟು.
ಒಬ್ಬ ಹೊಡೆದದ್ದಕ್ಕೂ ಇನ್ನೊಬ್ಬ ಬಿದ್ದದ್ದಕ್ಕೂ ನಡುವೆ
ನಾವು ಉಸಿರಾಡುತ್ತಿದ್ದದ್ದು ಅಲ್ಲೇ.
ಸಿನಿಮಾದವರು ಸಂದು ಮುಚ್ಚಿ
ಮೇಲೆ ತಮಟೆ ಬಾರಿಸಿದ್ದಾರೆ.

ಗೋಪುರ ಬಂತು.
ಪೋರ ತೂಗಾಡಿದ.
ನನ್ನ ಕಣ್ಣಿನ ಮೇಲೆ ಒಂದು ಕೈ.
ಟೊಮೆಟೊ ಎಲೆಯ ಒಗರು ವಾಸನೆ, ಬಳೆಯ ತಂಪು.
ನನಗೀಗ ನಲವತ್ತಮೂರು ಎಂದು
ಆ ಕೈಗೆ ಯಾರೂ ಹೇಳಿರಲಿಲ್ಲ.
ಬೆರಳ ಸಂದಿನಿಂದಲೇ ನೋಡಿದೆ:
ನೆರಳಪ್ಪ ಎಳೆದುಕೊಂಡ. ಪೋರ ಬದುಕಿದ.
ಶಿಳ್ಳೆ, ಹದಿಮೂರರಲ್ಲಿ ಮೂವರದು.

ಹೊರಗೆ ಬೈಕು ತೆಗೆಯುವಾಗ ಅಂತರಗಂಗೆ ಬೆಟ್ಟ
ಒಂದೇ ಕುಂಚದೇಟಿನಂತೆ ನಿಂತಿತ್ತು.
ಅಕ್ಕ ಸೆರಗು ಕಿವಿಗೆ ಸುತ್ತುತ್ತಾ ಅಂದಳು,
"ಸುಳ್ಳು. ಪುಸ್ತಕದಲ್ಲಿ ಹಂಗಿರ್ಲಿಲ್ಲ."

ಕಿಕ್ಕರು ಕಾಲಡಿಯಲ್ಲಿ ಅರ್ಧಕ್ಕೇ ನಿಂತಿತು.

"ಅವನೇ ಕೈ ಬಿಟ್ಟ, ಕಳ್ಳನ್ನ ಹಿಡಿಯೋಕೆ.
ಎಂಟು ಪುಟ ಬೀಳ್ತಾನೇ ಇತ್ತು ಮಗು.
ಅಪ್ಪ ಹೋಗಿ ತಿಂಗಳಾಗಿರ್ಲಿಲ್ಲ,
ನೀನು ಟೈಫಾಯಿಡಲ್ಲಿ ಮಲಗಿದ್ದೆ."

"ಹಾಳೆ?"

"ಒಲೆಗೆ. ಜ್ವರ ಬಿಟ್ಟು ನಿನಗೆ ಮೊದಲನೇ ಸ್ನಾನ,
ನೀರಿಗೆ ಉರಿ ಸಾಲದೆ ಬಂದಿತ್ತು."

ಆ ನೀರು ನೆನಪಿದೆ. ಹೊಗೆಯಲ್ಲಿ ಏನೋ ಘಾಟು,
ಬೆನ್ನು ಸುಡುಸುಡು,
ಸೋಪು ಹೋಗದ ಹಾಗೆ ಕಣ್ಣಿಗೆ ಅಡ್ಡವಾದ ಅಂಗೈ.

ಎಪಿಎಂಸಿ ಗೇಟಿನವರೆಗೆ ಮಾತಿಲ್ಲ.
ಗೇಟು ದಾಟಿದ ಮೇಲೆ ಬೆನ್ನ ಹಿಂದಿನಿಂದ,
ನನಗೋ ತನಗೋ,
"ಇಬ್ಬರಿಗೆ ಇನ್ನೂರನಲವತ್ತು.
ಜಾಸ್ತೀನೇ ಆಯ್ತು ಬಿಡು, ಒಂದು ಸುಳ್ಳಿಗೆ."